ಮೊಟ್ಟೆ ಕೋಳಿ ಫಾರಂ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಳ್ಳಾರಿ, ಕೊಪ್ಪಳ, ದಾವಣಗೆರೆ, ಮೈಸೂರು, ಕೋಲಾರ, ಚಿಕ್ಕಬಳ್ಳಾಪುರ ಹೀಗೆ ರಾಜ್ಯದ ಯಾವ ಮೂಲೆಯಲ್ಲೇ ಇರಲಿ, ಊರ ಪಕ್ಕದಲ್ಲಿ ಶೆಡ್ ಹಾಕಿ ಸಾವಿರಗಟ್ಟಲೆ, ಲಕ್ಷಗಟ್ಟಲೆ ಲೇಯರ್ ಕೋಳಿ ಸಾಕುತ್ತಿರುವ ತಮ್ಮೆಲ್ಲರಿಗೂ ಈ ಪತ್ರ. ನಾನು ನಿವೃತ್ತ ಆರೋಗ್ಯ ಸಹಾಯಕಿ. ಜನ ಕರೆಯುತ್ತಿದ್ದುದು ನರ್ಸಮ್ಮ ಎಂದು. ಲಸಿಕೆ, ಬಾಣಂತನ, ಬಿಪಿ, ಶುಗರು, ಕ್ಷಯದ ಮಾತ್ರೆ ಎಂದು ಮನೆ ಮನೆ ಸುತ್ತಿದವಳು. ನನ್ನ ಉಪಕೇಂದ್ರದ ಎರಡು ಊರುಗಳ ನಡುವೆ ಒಂದು ದೊಡ್ಡ ಮೊಟ್ಟೆ ಕೋಳಿ ಫಾರಂ ಇತ್ತು. ಈಗಲೂ ಇದೆ. ಆ ಊರುಗಳ ಹೆಸರನ್ನಾಗಲಿ ಫಾರಂ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಒಬ್ಬರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಇಂಥ ಫಾರಂಗಳ ಮಗ್ಗುಲಲ್ಲಿ ಬದುಕುವವರ ಮಾತನ್ನು ತಮ್ಮ ಕಿವಿಗೆ ಹಾಕಬೇಕು, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೊಟ್ಟೆಯ ಪರ ಇರುವವಳು. ರಕ್ತ ಕಡಿಮೆಯಿರುವ ಬಸುರಿಯರ ಕೈಗೆ ಕಬ್ಬಿಣದ ಮಾತ್ರೆ ಕೊಟ್ಟು, “ದಿನಕ್ಕೊಂದು ಮೊಟ್ಟೆ ತಿನ್ನವ್ವ” ಎಂದು ಹೇಳುತ್ತಲೇ ನನ್ನ ನೌಕರಿ ಮುಗಿಯಿತು. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದು ಅಂಗನವಾಡಿಯ ಊಟದ ಜೊತೆ ಮೊಟ್ಟೆ ಸಿಗತೊಡಗಿದಾಗ, 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ, ಬೇಡವೆಂದವರ ಜೊತೆ ವಾದಕ್ಕೆ ನಿಂತಿದ್ದೇನೆ. ಆ ಮೊಟ್ಟೆ ತಮ್ಮ ಶೆಡ್ಡುಗಳಿಂದಲೇ ಬರಬೇಕು ಎಂಬುದು ನನಗೆ ಗೊತ್ತು. ತಮ್ಮ ಕಷ್ಟವೂ ಗೊತ್ತು. ಮೆಕ್ಕೆಜೋಳ, ಸೋಯಾ ಹಿಂಡಿಯ ಬೆಲೆ ಏರಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹಕ್ಕಿಜ್ವರ ಎಂಬ ಸುದ್ದಿ ಎಲ್ಲೋ ಹುಟ್ಟಿದರೂ ಸಾಕು, ಇಲ್ಲಿ ಮಾರುಕಟ್ಟೆ ಕುಸಿಯುತ್ತದೆ. ಸಾಲ ಮಾಡಿ ಶೆಡ್ ಕಟ್ಟಿದವರು ತಮ್ಮಲ್ಲಿ ಎಷ್ಟೋ ಜನ. ಫಾರಂ ಮುಚ್ಚಿ ಎಂದು ಕೇಳಲು ನಾನು ಬರೆಯುತ್ತಿಲ್ಲ.

ಆದರೆ ತಮ್ಮ ಮುಂದೆ ಯಾರಾದರೂ “ವಾಸನೆ” ಎಂದು ಬಾಯಿ ತೆಗೆದರೆ ಬರುವ ಉತ್ತರ ಒಂದೇ: “ಹಳ್ಳಿ ಅಂದಮೇಲೆ ಗೊಬ್ಬರದ ವಾಸನೆ ಇದ್ದದ್ದೇ.” ಈ ಉತ್ತರವನ್ನು ದಯವಿಟ್ಟು ಇನ್ನು ಮೇಲೆ ಕೊಡಬೇಡಿ. ಹಿತ್ತಿಲ ತಿಪ್ಪೆಯ ವಾಸನೆಗೆ ಹೆದರುವ ಜನವಲ್ಲ ನಮ್ಮ ಹಳ್ಳಿಯವರು. ಹಸು, ಎಮ್ಮೆ, ಕುರಿ, ನಾಟಿ ಕೋಳಿಗಳ ಜೊತೆಯಲ್ಲೇ ಹುಟ್ಟಿ ಬೆಳೆದವರು. ಅಂಥವರೇ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾರೆಂದರೆ ಬಂದಿರುವುದು ಬೇರೆಯೇ ಎಂದು ತಾವು ತಿಳಿಯಬೇಕು.

ಒಂದು ಲೇಯರ್ ಕೋಳಿ ದಿನಕ್ಕೆ ನೂರು ನೂರಹತ್ತು ಗ್ರಾಂ ಫೀಡ್ ತಿನ್ನುತ್ತದೆ, ಹೆಚ್ಚುಕಡಿಮೆ ಅಷ್ಟೇ ತೂಕದ ಹಸಿ ಹಿಕ್ಕೆ ಹಾಕುತ್ತದೆ. ತಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. 50,000 ಕೋಳಿಯ ಫಾರಂ ಎಂದರೆ ದಿನಕ್ಕೆ ಐದು ಟನ್. ಅದರಲ್ಲಿ ಮುಕ್ಕಾಲು ಪಾಲು ನೀರು. ಫೀಡಿನ ಪ್ರೋಟೀನಿನಲ್ಲಿರುವ ಸಾರಜನಕದಲ್ಲಿ ಹಕ್ಕಿಯ ಮೈಗೂ ಮೊಟ್ಟೆಗೂ ಸೇರುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಬೀಳುತ್ತದೆ. ಹಿಕ್ಕೆ ಒಣಗಿದ್ದರೆ ಅದು ಹಾಗೇ ಗೊಬ್ಬರವಾಗಿ ಉಳಿಯುತ್ತದೆ. ತೇವವಿದ್ದು ಬಿಸಿಲು ತಾಗಿದರೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡಿ ಗಾಳಿಗೆ ಬಿಡುತ್ತವೆ. ಕಣ್ಣು ಉರಿಸುವುದು, ಗಂಟಲು ಕೆರೆಯುವುದು ಇದೇ. ಇದರ ಜೊತೆ ಪುಕ್ಕದ ಚೂರು, ಒಣಗಿದ ಹಿಕ್ಕೆಯ ಪುಡಿ, ಫೀಡ್ ಬೀಸುವಾಗ ಏಳುವ ಧೂಳು. ಆ ಧೂಳಿಗೆ ಅಂಟಿಕೊಂಡಿರುವ ಸತ್ತ ಬ್ಯಾಕ್ಟೀರಿಯಾಗಳ ಚೂರುಗಳು ಶ್ವಾಸನಾಳಕ್ಕೆ ಹೋದರೆ ಅಲ್ಲಿ ಊತ ಬರುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ಅಮೋನಿಯಾ ಗಾಳಿಯಲ್ಲಿ ಸಾಗುತ್ತ ವಾಹನಗಳ, ಕಾರ್ಖಾನೆಗಳ ಹೊಗೆಯಲ್ಲಿರುವ ಆಮ್ಲಗಳ ಜೊತೆ ಸೇರಿ ಕಣ್ಣಿಗೆ ಕಾಣದ ಸಣ್ಣ ಕಣಗಳಾಗುತ್ತದೆ. ದೆಹಲಿಯ ಸುದ್ದಿಯಲ್ಲಿ ನಾವು ಕೇಳುವ ಪಿಎಂ 2.5ರಲ್ಲಿ ಇಂಥ ಕಣಗಳದೂ ಒಂದು ಪಾಲಿದೆ. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ ಅಮೋನಿಯಾಕ್ಕೂ ಮಿತಿ ಇದೆ: 24 ಗಂಟೆಯ ಸರಾಸರಿ ಘನಮೀಟರಿಗೆ 400 ಮೈಕ್ರೋಗ್ರಾಂ. ಆದರೆ ಅಳೆಯುವ ಯಂತ್ರಗಳಲ್ಲಿ ಹೆಚ್ಚಿನವು ನಗರಗಳಲ್ಲಿವೆ. ಹಳ್ಳಿಯಲ್ಲಿ ಅಳೆಯುವುದಕ್ಕೆ ಇರುವುದು ಜನರ ಮೂಗು, ಕಣ್ಣು, ಎದೆ.

ಆ ಎದೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಾರ್ತಿಕ, ಮಾರ್ಗಶಿರದಲ್ಲಿ ಹೊತ್ತು ಮುಳುಗುತ್ತಿದ್ದಂತೆ ನೆಲ ತಣ್ಣಗಾಗಿ ಗಾಳಿ ನಿಂತುಬಿಡುತ್ತದೆ. ಹಗಲು ಮೇಲೆ ಹೋಗುತ್ತಿದ್ದದ್ದೆಲ್ಲ ಆಗ ಕೆಳಗೇ ಉಳಿದು ಊರ ಮೇಲೆ ಕೂರುತ್ತದೆ. ಫಾರಂ ಕಡೆಯ ಕೊನೇ ಬೀದಿಯಲ್ಲಿ ಗೂರಲಿನ ಅಜ್ಜಿಯೊಬ್ಬರಿದ್ದರು. ಇನ್ಹೇಲರ್ ಎಳೆದುಕೊಳ್ಳುವುದನ್ನು ಅವರಿಗೆ ಕಲಿಸಿದವಳು ನಾನೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಳೇ ಸೀರೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ, ಬಾಗಿಲ ಕೆಳಗಿನ ಸಂದಿಗೆ ತುರುಕುತ್ತಿದ್ದರು. ಕಿಟಕಿಗೆ ಗೊಬ್ಬರದ ಚೀಲ ಕಟ್ಟಿದ್ದರು. ಹಾಗೆ ಮುಚ್ಚಿದ ಕೋಣೆಯಲ್ಲಿ ಮಲಗಲಾಗದೆ ಗೋಡೆಗೆ ಒರಗಿ, ಮೊಣಕಾಲ ಮೇಲೆ ಮೊಣಕೈ ಊರಿ ಕೂತು ಬೆಳಗು ಮಾಡುತ್ತಿದ್ದರು. ಉಸಿರು ಸಾಲದವರು ಕೂರುವ ಭಂಗಿ ಅದು, ನಮ್ಮ ತರಬೇತಿಯ ಪುಸ್ತಕದಲ್ಲೂ ಅದರ ಚಿತ್ರವಿತ್ತು. ಮಗಳ ಮನೆಗೆ ಹೋಗಿ ಒಂದೆರಡು ವಾರ ಇದ್ದು ಬಂದರೆ ಅಜ್ಜಿ ಚೇತರಿಸಿಕೊಂಡಿರುತ್ತಿದ್ದರು. ಬಂದ ಮೇಲೆ ಮತ್ತದೇ.

ಅದೇ ಬೀದಿಯ ಮಕ್ಕಳು ಕಣ್ಣು ಉಜ್ಜಿಕೊಳ್ಳುತ್ತ ಬರುತ್ತಿದ್ದರು. ಬಾಣಂತಿಗೆ ಅನ್ನ ಕಂಡರೆ ವಾಕರಿಕೆ. ಮಳೆ ಶುರುವಾದರೆ ನೊಣ. ತಟ್ಟೆಯ ಮೇಲೆ ಒಂದು ಕೈ ಆಡಿಸುತ್ತಲೇ ಇನ್ನೊಂದು ಕೈಯಲ್ಲಿ ಉಣ್ಣಬೇಕು. ತೊಟ್ಟಿಲಿಗೆ ಹಗಲು ಹೊತ್ತಿನಲ್ಲೂ ಸೊಳ್ಳೆ ಪರದೆ. ಹೆಣ್ಣು ನೋಡಲು ಬಂದವರು ತಿಂಡಿ ಮುಟ್ಟದೆ ಎದ್ದು ಹೋದದ್ದನ್ನು ಒಬ್ಬ ತಾಯಿ ನನ್ನ ಬಳಿ ಹೇಳಿಕೊಂಡು ಅತ್ತಿದ್ದರು. ಇದು ಯಾವ ರೋಗದ ಕಾಲಂಗೂ ಸೇರುವುದಿಲ್ಲ. ಆದರೆ ನೆಂಟರು ಬಾರದ ಮನೆಯ ಸಂಕಟ ಎಂಥದ್ದು ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ತಮ್ಮ ಪ್ರಶ್ನೆ ಬರುತ್ತದೆ: “ಆ ಅಜ್ಜಿ ಜೀವಮಾನವೆಲ್ಲ ಒಲೆ ಊದಿದವಳು, ಗೂರಲು ಫಾರಮ್ಮಿನಿಂದಲೇ ಬಂತು ಎಂದು ಹೇಗೆ ಹೇಳುತ್ತೀರಿ?” ನ್ಯಾಯವಾದ ಪ್ರಶ್ನೆಯೇ. ಫಾರಮ್ಮಿನಿಂದ ಬಂತೆಂದು ನಾನು ಹೇಳುವುದಿಲ್ಲ. ಒಲೆಯ ಹೊಗೆ ನಮ್ಮ ಹೆಂಗಸರ ಶ್ವಾಸಕೋಶಕ್ಕೆ ಮಾಡಿರುವ ಹಾನಿ ದೊಡ್ಡದು, ಗಂಡಸರ ಶ್ವಾಸಕೋಶಕ್ಕೆ ಬೀಡಿಯದು. ನಾನು ಹೇಳುವುದು ಇಷ್ಟು: ಈಗಾಗಲೇ ಸೋತಿರುವ ಶ್ವಾಸಕೋಶದ ಮೇಲೆ ತಮ್ಮ ಫಾರಂ ಗಾಳಿಯೂ ಬಂದು ಕೂತರೆ ಆ ಜೀವ ತಡೆಯುವುದಿಲ್ಲ.

ಇದು ನನ್ನೊಬ್ಬಳ ಕಣ್ಣಳತೆಯೂ ಅಲ್ಲ. ನೆದರ್‌ಲ್ಯಾಂಡ್ಸ್ ಪುಟ್ಟ ದೇಶ. ಅದರ ದಕ್ಷಿಣ ಭಾಗದಲ್ಲಿ ಕೋಳಿ, ಹಂದಿ, ಆಡುಗಳ ಫಾರಂಗಳು ಒತ್ತಾಗಿವೆ. ಅಲ್ಲಿನ ಸರ್ಕಾರ ಫಾರಂಗಳ ನೆರೆಯವರ ಆರೋಗ್ಯದ ಬಗ್ಗೆಯೇ ದೊಡ್ಡ ಅಧ್ಯಯನ ಮಾಡಿಸಿತು. 2016ರಲ್ಲಿ ವರದಿ ಬಂತು. ಸುಮಾರು 2,500 ಜನರ ಊದುವ ಶಕ್ತಿಯನ್ನು ಅಳೆದಿದ್ದರು. ಸುತ್ತ ಒಂದು ಕಿಲೋಮೀಟರಿನೊಳಗೆ ಹೆಚ್ಚು ಫಾರಂಗಳಿದ್ದವರಲ್ಲಿ ಶ್ವಾಸಕೋಶದ ಶಕ್ತಿ ಕಡಿಮೆಯಿತ್ತು. ಗಾಳಿಯಲ್ಲಿ ಅಮೋನಿಯಾ ಏರಿದ ದಿನಗಳ ನಂತರವೂ ಅದು ಕುಗ್ಗುತ್ತಿತ್ತು. ಅದೇ ವರದಿ ತಮಗೆ ಅನುಕೂಲವಾದ ಒಂದು ಮಾತನ್ನೂ ಹೇಳಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ: ಫಾರಂಗಳ ಹತ್ತಿರ ಇರುವವರಲ್ಲಿ ಆಸ್ತಮಾ, ಅಲರ್ಜಿ ಸ್ವಲ್ಪ ಕಡಿಮೆಯೇ ಕಂಡಿತು. ಆದರೆ ಸಿಒಪಿಡಿ ಎಂದು ಡಾಕ್ಟರು ಬರೆಯುವ ಹಳೇ ದಮ್ಮಿನ ಕಾಯಿಲೆ ಇರುವವರು ಫಾರಂ ಹತ್ತಿರವಿದ್ದರೆ ಅವರ ಕಾಯಿಲೆ ಹೆಚ್ಚು ಸಲ ಕೆರಳುತ್ತದೆ ಎಂದೂ ಅಲ್ಲೇ ಇದೆ. ನಮ್ಮ ಅಜ್ಜಿಯ ಕಥೆಯೂ ಅದೇ.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಹಂದಿ ಫಾರಂಗಳ ಬಗ್ಗೆ ಸ್ಟೀವ್ ವಿಂಗ್ ಎಂಬ ತಜ್ಞರು ಮಾಡಿದ ಕೆಲಸ, ಜನರ ತೋಳಿಗೆ ಬಿಪಿ ಪಟ್ಟಿ ಸುತ್ತಿಯೇ ಸೇವೆ ಮುಗಿಸಿದ ನನಗೆ ತುಂಬ ಹಿಡಿಸಿತು. ಫಾರಂ ಸುತ್ತಲಿನ 101 ಜನ ಎರಡು ವಾರ ಕಾಲ ದಿನಕ್ಕೆ ಎರಡು ಸಲ ಹತ್ತು ನಿಮಿಷ ಮನೆ ಹೊರಗೆ ಕೂತು, ವಾಸನೆ ಎಷ್ಟಿದೆ ಎಂದು ಬರೆದು, ತಮ್ಮ ರಕ್ತದೊತ್ತಡವನ್ನು ತಾವೇ ಅಳೆದುಕೊಂಡರು. ವಾಸನೆ ಜೋರಿದ್ದ ಹೊತ್ತಿನಲ್ಲಿ ಒತ್ತಡವೂ ಏರಿತ್ತು. ಅದೇ ರಾಜ್ಯದಲ್ಲಿ ಹಂದಿ ಕಂಪನಿಯ ಮೇಲೆ ನೆರೆಯವರು ಕೋರ್ಟಿಗೆ ಹೋದರು, 2018ರಲ್ಲಿ ಒಂದರ ಹಿಂದೊಂದು ಜ್ಯೂರಿಗಳು ಅವರ ಪರ ತೀರ್ಪು ಕೊಟ್ಟು ಕಂಪನಿ ಕೋಟ್ಯಂತರ ಡಾಲರ್ ಪರಿಹಾರ ತೆರಬೇಕೆಂದವು. ಅಲ್ಲಿಯ ಹಂದಿ ಫಾರಂಗೂ ಇಲ್ಲಿಯ ಕೋಳಿ ಫಾರಂಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ ಆ ಜನ ವರ್ಷಗಟ್ಟಲೆ ಕೋರ್ಟು ಅಲೆದದ್ದು ತಮ್ಮ ಅಂಗಳದಲ್ಲಿ ನೆಮ್ಮದಿಯಾಗಿ ಕೂರುವ ಹಕ್ಕಿಗಾಗಿ. ನಮ್ಮವರು ಕೇಳುತ್ತಿರುವುದೂ ಅದನ್ನೇ.

ನೆರೆಯವರು ಎಂದಾಗ ತಮಗೆ ಊರಿನವರು ನೆನಪಾಗಬಹುದು. ತಮ್ಮ ಫಾರಂಗೆ ಎಲ್ಲರಿಗಿಂತ ಹತ್ತಿರ ಇರುವವರು ತಮ್ಮ ಕೆಲಸಗಾರರು. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದು, ಶೆಡ್ಡಿಗೆ ಅಂಟಿದ ಶೀಟಿನ ಕೋಣೆಗಳಲ್ಲಿ ಸಂಸಾರ ಮಾಡುವವರು. ಪಲ್ಸ್ ಪೋಲಿಯೋ ದಿನ ಅಲ್ಲಿಗೆ ಹೋದರೆ ಕೇಜುಗಳ ಸಾಲಿನ ಕೊನೆಯಲ್ಲಿ, ಗೊಬ್ಬರದ ಮಗ್ಗುಲಲ್ಲೇ ಮಕ್ಕಳು ಆಡುತ್ತಿರುತ್ತಿದ್ದವು. ಗೊಬ್ಬರ ತೆಗೆಯುವ ಹುಡುಗನ ಬಾಯಿಗೆ ಇದ್ದದ್ದು ಒಂದು ಟವೆಲ್. ಟವೆಲ್ಲು ಅಮೋನಿಯಾವನ್ನು ತಡೆಯುವುದಿಲ್ಲ, ಸಣ್ಣ ಧೂಳನ್ನೂ ತಡೆಯುವುದಿಲ್ಲ. ಊರವರು ಕೂಗಾಡಿಯಾದರೂ ಹೇಳುತ್ತಾರೆ. ಇವರು ಭಾಷೆ ಬಾರದವರು, ಕೆಲಸ ಹೋದರೆ ಮಲಗುವ ಜಾಗವೂ ಹೋಗುವವರು, ಏನೂ ಹೇಳುವುದಿಲ್ಲ. ಇವರ ಮೌನವನ್ನು ತಾವು ಒಪ್ಪಿಗೆ ಎಂದು ತಿಳಿಯಬಾರದು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಿಂದೆ ಒಂದು ಲಕ್ಷಕ್ಕಿಂತ ಕಡಿಮೆ ಕೋಳಿಯ ಫಾರಂಗಳಿಗೆ ಮಾಲಿನ್ಯ ಮಂಡಳಿಯ ಒಪ್ಪಿಗೆಯ ತಲೆನೋವು ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರಲ್ಲಿ ಇದನ್ನು ಪ್ರಶ್ನಿಸಿತು. ಆ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿಯನ್ನು ಬಿಗಿ ಮಾಡಿತು. 2023ರ ಜನವರಿಯಿಂದ 5,000ಕ್ಕಿಂತ ಹೆಚ್ಚು ಕೋಳಿ ಇರುವವರೂ ಒಪ್ಪಿಗೆ ಪಡೆಯಬೇಕು. ಹೊಸ ಫಾರಂ ಜನವಸತಿಯಿಂದ 500 ಮೀಟರ್, ಕುಡಿಯುವ ನೀರಿನ ಬಾವಿ, ಕೆರೆ, ಹೊಳೆಗಳಿಂದ 100 ಮೀಟರ್ ದೂರ ಇರಬೇಕೆಂದು ಅದರಲ್ಲಿದೆ. ಪಂಚಾಯಿತಿಯ ಕಾಗದ ಒಂದಿದ್ದರೆ ಸಾಕು ಎಂದು ಇನ್ನೂ ನಂಬಿರುವವರು ತಮ್ಮಲ್ಲಿದ್ದಾರೆ. ಸಾಲದು. ಹೊಸ ಶೆಡ್ಡಿಗೆ ಜಾಗ ನೋಡುವವರು ಆ 500 ಮೀಟರನ್ನು ಕಡೆಯ ಮನೆಯಿಂದ ಅಳೆಯಿರಿ, ಊರ ನಡುವಿನ ದೇವಸ್ಥಾನದಿಂದಲ್ಲ. ಕಡೆಯ ಮನೆಗಳು ಹೆಚ್ಚಾಗಿ ಯಾರವು ಎಂಬುದನ್ನೂ ನೆನಪಿಡಿ. ನಾನು ಕಂಡ ಊರುಗಳಲ್ಲಿ ಅವು ದಲಿತರ ಕೇರಿಯವು. ನಿವೇಶನ ಸಿಕ್ಕಿದ್ದೇ ಅಲ್ಲಿ, ಬಿಟ್ಟು ಹೋಗಲು ಅವರಿಗೆ ಬೇರೆ ಜಾಗವಿಲ್ಲ.

ಈಗಾಗಲೇ ಊರ ಮಗ್ಗುಲಲ್ಲಿ ಇರುವ ಫಾರಂ ಎತ್ತಿ ಆಚೆ ಇಡಲಾಗುವುದಿಲ್ಲ. ಆದರೆ ಅದರ ಗಾಳಿಯನ್ನು ಸುಧಾರಿಸಬಹುದು, ಅದಕ್ಕೆ ತಮ್ಮಲ್ಲೇ ದಾರಿ ಇದೆ. ಗೊಬ್ಬರ ಒಣಗಿರಲಿ, ಅರ್ಧಕ್ಕರ್ಧ ಕೆಲಸ ಆಯಿತು. ಕುಡಿಯುವ ನೀರಿನ ನಿಪ್ಪಲ್ಲುಗಳು ಸೋರಿ ಕೆಳಗಿನ ರಾಶಿ ಕೆಸರಾಗುವುದನ್ನು ತಾವೇ ಕಂಡಿದ್ದೀರಿ. ಸಾಲುಸಾಲಾಗಿ ದಿನವೂ ನೋಡಿ ಸೋರುವ ನಿಪ್ಪಲ್ಲನ್ನು ಅಂದೇ ಬದಲಿಸಲು ಒಬ್ಬರನ್ನು ನೇಮಿಸಿ. ಮಳೆಗಾಲಕ್ಕೆ ಮುಂಚೆ ಸೂರಿನ ಅಂಚನ್ನು ಮುಂದಕ್ಕೆ ಚಾಚಿ, ಎರಚಲು ಒಳಗೆ ಹೊಡೆಯದಂತೆ ಮಾಡಿ. ಶೆಡ್ಡಿನ ಸುತ್ತ ಚರಂಡಿ ತೆಗೆಸಿ. ಅರ್ಧಕ್ಕಿಂತ ಹೆಚ್ಚು ತೇವವಿದ್ದ ಗೊಬ್ಬರದಲ್ಲಿ ನೊಣದ ಹುಳ ಸೊಂಪಾಗಿ ಬೆಳೆಯುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಒಣಗಿಸಿದರೆ ವಾಸನೆಯ ಜೊತೆ ನೊಣವೂ ಇಳಿಯುತ್ತದೆ, ವಿಷ ಸಿಂಪಡಿಸುವ ಖರ್ಚೂ ಉಳಿಯುತ್ತದೆ.

ಇಲ್ಲಿ ಸುಣ್ಣದ ಬಗ್ಗೆ ಒಂದು ಮಾತು. ಊರವರು ಗಲಾಟೆ ಮಾಡಿದ ಮಾರನೇ ದಿನ ಗೊಬ್ಬರದ ಮೇಲೆ ಸುಣ್ಣ ಎರಚುವುದು ರೂಢಿ. ನೋಡಲು ಬೆಳ್ಳಗೆ ಕಾಣುತ್ತದೆ. ಸುಣ್ಣ ತೇವ ಹೀರುತ್ತದೆ, ನಿಜ. ಆದರೆ ಹಸಿ ಗೊಬ್ಬರಕ್ಕೆ ಸುಣ್ಣ ಬಿದ್ದರೆ ಕ್ಷಾರ ಹೆಚ್ಚಿ, ಒಳಗಿದ್ದ ಅಮೋನಿಯಾ ಇನ್ನೂ ಜೋರಾಗಿ ಹೊರಡುತ್ತದೆ. ಸಮಾಧಾನ ಮಾಡಲು ಹೊರಟ ದಿನವೇ ಊರ ಕಣ್ಣು ಹೆಚ್ಚು ಉರಿಯುತ್ತದೆ. ಅಮೋನಿಯಾವನ್ನು ಹಿಡಿದಿಡುವ ಗುಣ ಸೂಪರ್ ಫಾಸ್ಫೇಟಿಗೂ ಜಿಪ್ಸಂಗೂ ಇದೆ. ಎಷ್ಟು, ಹೇಗೆ ಎಂಬುದನ್ನು ತಮ್ಮ ಪಶುವೈದ್ಯರನ್ನು ಕೇಳಿ. ಫೀಡಿನ ಬಗ್ಗೆಯೂ ಅವರನ್ನೇ ಕೇಳಿ. ಮೆಥಿಯೊನಿನ್, ಲೈಸಿನ್‌ಗಳನ್ನು ಸರಿಯಾಗಿ ಸೇರಿಸಿ ಒಟ್ಟು ಪ್ರೋಟೀನನ್ನು ಶೇಕಡಾ ಒಂದರಷ್ಟು ಇಳಿಸಿದರೆ ಹೊರಬೀಳುವ ಅಮೋನಿಯಾ ಸುಮಾರು ಹತ್ತನೇ ಒಂದು ಪಾಲು ಇಳಿಯುತ್ತದೆ. ಹಿಂಡಿ ದುಬಾರಿಯಾದ ಕಾಲದಲ್ಲಿ ಇದು ತಮಗೂ ಲಾಭ. ಶೆಡ್ಡಿನ ಗಾಳಿಯಲ್ಲಿ ಅಮೋನಿಯಾ 25 ಪಿಪಿಎಂ ದಾಟಿದರೆ ತಮ್ಮ ಕೋಳಿಗಳ ಗಂಟಲಿಗೂ ಪೆಟ್ಟು, ರಾಣಿಖೇತಿನಂಥ ರೋಗಕ್ಕೆ ಬಾಗಿಲು ತೆರೆದಂತೆ, ಮೊಟ್ಟೆಯೂ ಇಳಿಯುತ್ತದೆ. ಊರಿನ ಹಿತ ತಮ್ಮ ಹಿತದಿಂದ ಬಹಳ ದೂರವೇನೂ ಇಲ್ಲ.

ರಾಶಿ ಕೆದಕಿ ಗೊಬ್ಬರ ಎತ್ತುವ ದಿನಗಳು ಊರಿಗೆ ಅತಿ ಕೆಟ್ಟವು. ಎರಡು ದಿನ ಮುಂಚೆ ಊರಿಗೆ ತಿಳಿಸಿ. ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದರೆ ಸಾಕು. ದಮ್ಮಿನವರು, ಬಾಣಂತಿಯರು ಅತ್ತ ಇತ್ತ ಹೋಗಬಹುದು. ಗಾಳಿ ಊರ ಕಡೆ ಬೀಸುವಾಗ ಎತ್ತಬೇಡಿ. ಸಂಜೆ ಖಂಡಿತ ಬೇಡ, ಬಿಸಿಲೇರಿದ ಮೇಲೆ ಮಾಡಿ. ಟ್ರ್ಯಾಕ್ಟರಿಗೆ ಟಾರ್ಪಾಲು ಕಟ್ಟಿಸಿ. ಗೊಬ್ಬರ ಕೊಳ್ಳುವ ರೈತರಿಗೆ ಹೊಲದಲ್ಲಿ ಗುಡ್ಡೆ ಹಾಕಿ ವಾರಗಟ್ಟಲೆ ಬಿಡದಂತೆ, ಹರಡಿದ ದಿನವೇ ಉಳುಮೆ ಮಾಡುವಂತೆ ಹೇಳಿ. ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೆಯುವುದು ಇಂದೇ ನಿಲ್ಲಲಿ. ಊರ ದಿಕ್ಕಿಗೆ ಹೊಂಗೆ, ಬೇವು, ಸರ್ವೆಗಳ ಒತ್ತು ಸಾಲುಗಳನ್ನು ನೆಡಿ. ಎಲ್ಲ ವಾಸನೆಯನ್ನೂ ಮರ ತಡೆಯದು, ಧೂಳನ್ನು ಸಾಕಷ್ಟು ತಡೆಯುತ್ತದೆ. ಕೆಲಸಗಾರರ ಕೋಣೆಗಳನ್ನು ಶೆಡ್ಡಿನಿಂದ ದೂರಕ್ಕೆ, ಗಾಳಿ ಬರುವ ದಿಕ್ಕಿಗೆ ಸರಿಸಿ. ಅವರಿಗೆ ಸರಿಯಾದ ಮಾಸ್ಕ್ ಕೊಡಿಸಿ, ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಎದೆ ಪರೀಕ್ಷೆ ಮಾಡಿಸಿ.

ಕೊನೆಯದಾಗಿ ಒಂದು ವಿನಂತಿ. ಬರುವ ಗ್ರಾಮಸಭೆಗೆ ತಾವೇ ಬನ್ನಿ, ಮ್ಯಾನೇಜರನ್ನು ಕಳಿಸಬೇಡಿ. ಮಾಲಿನ್ಯ ಮಂಡಳಿಯ ಒಪ್ಪಿಗೆ ಪತ್ರದ ಪ್ರತಿಯನ್ನು ಜೊತೆಗೆ ತನ್ನಿ. ದೂರು ಹೇಳಲು ಯಾರ ಫೋನ್ ನಂಬರಿಗೆ ಕರೆ ಮಾಡಬೇಕೆಂದು ಸಭೆಯಲ್ಲಿ ತಿಳಿಸಿ. ಕೊನೇ ಬೀದಿಯ ಹೆಂಗಸರಿಗೆ ಮೊದಲು ಮಾತಾಡಲು ಬಿಡಿ, ಮಧ್ಯೆ ಬಾಯಿ ಹಾಕದೆ ಕೇಳಿ. ಮೇಲೆ ಹೇಳಿದವುಗಳಲ್ಲಿ ಯಾವುದನ್ನು ಮುಂದಿನ ಮಳೆಗಾಲದೊಳಗೆ ಮಾಡುತ್ತೀರಿ ಎಂಬುದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ. ತಾವು ಕರೆದರೆ ಅಂಥ ಸಭೆಗೆ ಬಂದು, ಯಾವ ಮನೆಯಲ್ಲಿ ಯಾರಿಗೆ ಉಸಿರಿನ ತೊಂದರೆ ಇದೆ ಎಂದು ಆಶಾ ಕಾರ್ಯಕರ್ತೆಯರ ಜೊತೆ ಕೂತು ಪಟ್ಟಿ ಮಾಡಿಕೊಡಲು ನಾನು ಸಿದ್ಧಳಿದ್ದೇನೆ.



ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ